ಓಡುವವನಿಗೆ ಆಟೋ ಸಿಗುತ್ತದೆ

ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಓಡಲು ಶುರು ಮಾಡಿದೆ. ಬೆಳಗ್ಗೆ ಜಯನಗರದಿಂದ ಆರ್‌.ವಿ. ರಸ್ತೆ ಹಿಡಿದು, ಸೌತ್ ಎಂಡ್ ಸರ್ಕಲ್ ದಾಟಿ ಲಾಲ್‌ಬಾಗ್. ಒಳಗಿನ 240 ಎಕರೆಯಲ್ಲಿ ಓಡುವುದು ಸುಲಭ. ಗೇಟು ಮುಟ್ಟುವುದೇ ಕಷ್ಟ.

ಫುಟ್‌ಪಾತ್ ಇದೆ. ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ಎಳನೀರಿನ ರಾಶಿ ಇದೆ, ಹಿಂದಿನಿಂದ ಸ್ಕೂಟರಿನವನು ಹಾರ್ನ್ ಹೊಡೀತಾನೆ. ನಾನು "ಸಾರಿ" ಎಂದು ಕೆಳಗಿಳಿಯುತ್ತೇನೆ. ಸಾರಿ ಯಾಕೆ ಹೇಳಿದೆ ಅಂತ ಹೊಳೆಯುವಷ್ಟರಲ್ಲಿ ಅವನು ಮಾಯ.

"ಬಲಗಡೆ ಓಡು, ಎದುರಿಗೆ ಬರೋ ಗಾಡಿ ಕಾಣುತ್ತೆ" ಅಂದ ಗೆಳೆಯ. ಸರಿಯಾದ ಮಾತೇ. ಆದರೆ ಯೂ ಟರ್ನ್ ದೂರ ಅಂತ ರಾಂಗ್ ಸೈಡಲ್ಲಿ ಬರುವವರು ನನ್ನ ಬೆನ್ನ ಹಿಂದಿನಿಂದಲೇ ಬರುತ್ತಾರಲ್ಲ! ಈಗ ಕಣ್ಣು ಮುಂದಿನ ಗಾಡಿಗೆ, ಕಿವಿ ಹಿಂದಿನದಕ್ಕೆ.

ಮೊನ್ನೆ ರಾತ್ರಿಯೆಲ್ಲ ಮಳೆ. ಬೆಳಗ್ಗೆ ರಸ್ತೆ ದಾಟಲು ಕೈ ಅಡ್ಡ ಹಿಡಿದೆ. ನಡೆಯುವವರಿಗೆ ನಮ್ಮೂರಲ್ಲಿ ಅಂಗೈಯೇ ಸಿಗ್ನಲ್ಲು, ಜೀಬ್ರಾ ಗೆರೆ ಬರೀ ರಂಗೋಲಿ. ಒಂದು ಬಿಳಿ ಕಾರು ನಿಂತೇಬಿಟ್ಟಿತು. ಹಂಪ್ ಇಲ್ಲ, ಪೊಲೀಸ್ ಇಲ್ಲ. ಕೆಟ್ಟು ನಿಂತಿತಾ? ಒಳಗಿದ್ದ ಯಜಮಾನರು ನಗುತ್ತಾ "ಹೋಗಿ" ಎಂದು ಕೈ ಮಾಡಿದರು. ಅಭ್ಯಾಸವಿಲ್ಲದ ಮರ್ಯಾದೆ ನೋಡಿ, ನಾನೂ "ನೀವು ಹೋಗಿ" ಎಂದೆ. ಮದುವೆ ಊಟಕ್ಕೆ ಎಲೆ ಹಾಕಿದಾಗ "ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ" ಅಂತೀವಲ್ಲ, ಹಾಗೆ. ಹಿಂದೆ ಹಾರ್ನುಗಳ ವಾಲಗ ಶುರು. ಕೊನೆಗೆ ಇಬ್ಬರೂ ಒಟ್ಟಿಗೆ ಹೊರಟು, ಒಟ್ಟಿಗೆ ನಿಂತೆವು. ನಾನು ಧೈರ್ಯ ಮಾಡಿ ಹೆಜ್ಜೆ ಇಟ್ಟೆ. ಕಾರಿನ ಎಡಗಡೆಯಿಂದ ನುಗ್ಗಿದ ಬೈಕು ಗುಂಡಿಯ ನೀರನ್ನೆಲ್ಲ ನನಗೆ ಅಭಿಷೇಕ ಮಾಡಿ ಹೋಯಿತು.

ಮೂಗಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಮನೆ ಕಡೆ ಓಡಿದೆ. ಪಕ್ಕದಲ್ಲಿ ಒಂದು ಆಟೋ ನಿಧಾನವಾಯಿತು.

"ಬಸ್ ತಪ್ಪೋಯ್ತಾ ಸಾರ್? ಬನ್ನಿ, ಮೀಟರ್ ಹಾಕ್ತೀನಿ."

ಕರೆದಾಗ ಒಬ್ಬರೂ ಬರದ ಊರಲ್ಲಿ ತಾನಾಗಿ ಬಂದ ಆಟೋ, ಅದೂ ಮೀಟರು! ಸೀಟಿನ ಮೇಲೆ ಹಳೇ ಪೇಪರ್ ಹಾಸಿ, "ಪರವಾಗಿಲ್ಲ, ಕೂತ್ಕೊಳ್ಳಿ" ಅಂದ ಪುಣ್ಯಾತ್ಮ. ಕೂತೆ.

ಕೈಯಲ್ಲಿದ್ದ ವಾಚನ್ನು ನಿಲ್ಲಿಸೋದು ಮಾತ್ರ ಮರೆತುಹೋಯಿತು. ಮನೆಯಲ್ಲಿ ನನ್ನವಳು ಅದನ್ನು ನೋಡಿ, "ಏನ್ರೀ, ಗಂಟೆಗೆ 32 ಕಿಲೋಮೀಟರ್ ಓಡಿದ್ದೀರಾ?" ಅಂದಳು.

"ನಾಯಿ ಅಟ್ಟಿಸಿಕೊಂಡು ಬಂತು ಕಣೇ" ಅಂದೆ.