1,100 ರೂಪಾಯಿ ಕೂಲಿಯ ಲೆಕ್ಕ

"ಒಂದು ಫ್ಯಾನ್ ಹಾಕೋಕೆ ಮುನ್ನೂರಾ? ಈ ಎಲೆಕ್ಟ್ರಿಷಿಯನ್‌ಗಳು ಇಂಜಿನಿಯರ್‌ಗಳಿಗಿಂತ ಚೆನ್ನಾಗಿ ದುಡೀತಾರೆ ಬಿಡಿ." ಮೊನ್ನೆ ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿದ ಮಾತು. ನನ್ನ ತಮ್ಮ ಮೈಸೂರಿನಲ್ಲಿ ವೈರಿಂಗ್ ಕೆಲಸ ಮಾಡ್ತಾನೆ. ಎರಡು ವರ್ಷ ಐಟಿಐ ಓದಿದವನು. ಮನೆಗೆ ಬಂದವಳೇ ಅವನ ಡೈರಿ ಇಸ್ಕೊಂಡು ಹೋದ ವರ್ಷದ್ದೆಲ್ಲ ಕೂಡಿಸಿದೆ.

ಚದರಕ್ಕೆ (ನೂರು ಚದರಡಿಗೆ) ಇಷ್ಟು ಅಂತ ಒಪ್ಕೊಂಡರೂ, ದಿನದ ಲೆಕ್ಕಕ್ಕೆ ಹೋದರೂ, ಹೆಲ್ಪರ್ ಹುಡುಗನಿಗೆ ಕೊಟ್ಟು ಅವನಿಗೆ ಉಳಿಯೋದು ದಿನಕ್ಕೆ ಸುಮಾರು 1,100. ಜನ ಇದನ್ನ ಮೂವತ್ತರಿಂದ ಗುಣಿಸಿ 33,000 ಅಂತಾರೆ. ಡೈರಿಯಲ್ಲಿ ವರ್ಷಕ್ಕೆ ಕೆಲಸ ಇದ್ದದ್ದು 214 ದಿನ. ಆಷಾಢದಲ್ಲಿ, ಧನುರ್ಮಾಸದಲ್ಲಿ ಗೃಹಪ್ರವೇಶ ಇಲ್ಲ, ಆ ಪುಟಗಳೆಲ್ಲ ಖಾಲಿ. ವೈಶಾಖ ಬಂತು ಅಂದ್ರೆ ಮೂರು ಮನೆಯವರು ಒಂದೇ ದಿನ ಕರೀತಾರೆ.

214 ದಿನಕ್ಕೆ 2,35,400. ಪೆಟ್ರೋಲ್ 21,400. ಡ್ರಿಲ್ ಬಿಟ್, ಗೋಡೆ ಕೊಯ್ಯೋ ಮಷಿನ್ನಿನ ಬ್ಲೇಡು, ರಿಪೇರಿ ಎಲ್ಲ ಸೇರಿ 10,000. ಅವೆಲ್ಲ ಕಳೆದು ತಿಂಗಳಿಗೆ ಹಂಚಿದರೆ 17,000 ಆಯ್ತು. ಅದರಲ್ಲೂ 31,000 ಇನ್ನೂ ಕೈಗೇ ಬಂದಿಲ್ಲ.

ಆ 31,000ದಲ್ಲಿ ದೊಡ್ಡ ಪಾಲು ದಟ್ಟಗಳ್ಳಿಯ ಒಂದು ಮನೆಯದು. ಗೃಹಪ್ರವೇಶದ ಹಿಂದಿನ ರಾತ್ರಿ ಹನ್ನೊಂದಕ್ಕೆ ಅವನಿಗೆ ಊಟ ತಗೊಂಡು ಹೋಗಿದ್ದೆ. ಪೇಂಟರ್ ಇನ್ನೂ ಬಣ್ಣ ಹೊಡೀತಿದ್ದ. ಅಡುಗೆಮನೆ ಚಿಮ್ನಿಗೆ ಇನ್ನೊಂದು ಪಾಯಿಂಟ್ ಬೇಕು ಅಂತ ಸಂಜೆ ಹೇಳಿದ್ರಂತೆ. ಹೊಸ ಗೋಡೆ ಕೊಯ್ದು, ತಮ್ಮನ ರೆಪ್ಪೆ ಮೇಲೆಲ್ಲ ಸಿಮೆಂಟ್ ಧೂಳು ಕೂತಿತ್ತು. ಟಾರ್ಚನ್ನ ಹಲ್ಲಲ್ಲಿ ಕಚ್ಕೊಂಡು ಸ್ವಿಚ್ ಬೋರ್ಡಿನ ಸ್ಕ್ರೂ ಬಿಗೀತಿದ್ದ. "ಅಕ್ಕ, ನೀನು ಹೋಗು, ಬೆಳಿಗ್ಗೆ ಹೋಮಕ್ಕೆ ಮುಂಚೆ ಲೈಟ್ ಹತ್ತಬೇಕು" ಅಂದ. ಹತ್ತಿತು. "ಎಲ್ಲ ಮುಗೀಲಿ, ಬ್ಯಾಲೆನ್ಸ್ ಕೊಡ್ತೀವಿ" ಅಂದವರು ಎಂಟು ತಿಂಗಳಿಂದ ಫೋನ್ ಎತ್ತಿಲ್ಲ. ಸ್ಲ್ಯಾಬ್ ಕಾಂಕ್ರೀಟ್ ಹಾಕೋಕೆ ಮುಂಚೆ ಪೈಪ್ ಇಟ್ಟಾಗಿನಿಂದ ಅವನ ದುಡಿಮೆಯೆಲ್ಲ ಆ ಗೋಡೆಯೊಳಗೇ ಇದೆ, ವಾಪಸ್ ಕಿತ್ಕೊಂಡು ಬರೋಕಾಗುತ್ತಾ?

ಅಂಗಡಿ ಕಮಿಷನ್ ಬಗ್ಗೆಯೂ ಹೇಳ್ತೀನಿ, ಮುಚ್ಚಿಡಲ್ಲ. ವೈರು, ಸ್ವಿಚ್ಚು ಕೊಡಿಸಿದ್ದಕ್ಕೆ ಅಂಗಡಿಯವರು ಎಷ್ಟೋ ಜನ ಎಲೆಕ್ಟ್ರಿಷಿಯನ್‌ಗಳಿಗೆ ಕಮಿಷನ್ ಕೊಡ್ತಾರೆ. ನನಗೆ ಅದು ಸರಿ ಕಾಣಲ್ಲ. ಕೂಲಿಯಲ್ಲಿ ಚೌಕಾಸಿ ಮಾಡಿ ಮಾಡಿ ನಾವೇ ಅವರನ್ನ ಆ ಕಡೆ ತಳ್ಳಿದ್ದೀವಿ ಅನ್ನೋದೂ ಅಷ್ಟೇ ನಿಜ.

ಕಟ್ಟಡ ಕಾರ್ಮಿಕರಿಗೆ 1996ರಲ್ಲೇ ಕಾಯ್ದೆ ಬಂತು, ರಾಜ್ಯದಲ್ಲಿ ಕಲ್ಯಾಣ ಮಂಡಳಿಯೂ ಇದೆ. ಕಟ್ಟಡ ಕಟ್ಟಿಸೋರಿಂದ ಸೆಸ್ ಅನ್ನೋ ಸುಂಕ ಹೋಗೋದು ಅದಕ್ಕೇ. ಗಾರೆಯವರಷ್ಟೇ ಅಲ್ಲ, ಎಲೆಕ್ಟ್ರಿಷಿಯನ್ನರೂ ಅಲ್ಲಿ ಹೆಸರು ನೋಂದಾಯಿಸಬಹುದು. ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ಇವನು ಮಾಡಿರೋದು 214 ದಿನ. ಸಹಿ ಕೇಳಿದರೆ ಇಬ್ಬರು ಮನೆಯವರು "ನಮಗ್ಯಾಕಪ್ಪ ತಾಪತ್ರಯ" ಅಂದ್ರು. ಬೋಗಾದಿಯಲ್ಲಿ ಒಬ್ಬ ರಿಟೈರ್ಡ್ ಮೇಡಂ ಮಾತ್ರ ಒಳಗೆ ಕೂರಿಸಿ, ಕಾಫಿ ಕೊಟ್ಟು, ಅವನ ಡೈರಿಯ ತಾರೀಕು ಒಂದೊಂದೇ ನೋಡ್ಕೊಂಡು ಸಹಿ ಹಾಕಿದ್ರು. ಅವರ ಮನೇಲಿ 38 ದಿನದ ಕೆಲಸ. ಇನ್ನು 52 ದಿನಕ್ಕೆ ಸಹಿ ಬೇಕು. ನಿಮ್ಮ ಮನೆ ವೈರಿಂಗ್ ಮಾಡಿದ ಹುಡುಗ ಬಂದು ಕೇಳಿದರೆ ದಯವಿಟ್ಟು ಹಾಕಿಕೊಡಿ.