ಸ್ಪಷ್ಟನೆ: ಬೀದಿಗೆ ಬಂದವರೆಲ್ಲ ಮನೆಜಗಳದಿಂದ ಬಂದವರಲ್ಲ

"ಬೀದಿಯಲ್ಲಿ ಮಲಗುವವರೆಲ್ಲ ಮನೆಯವರ ಜೊತೆ ಜಗಳವಾಡಿ ಬಂದವರು, ವಾಪಸ್ ಕಳಿಸಿಬಿಟ್ಟರೆ ಸಮಸ್ಯೆ ಮುಗಿಯಿತು" ಎಂಬ ಸಂದೇಶ ಹರಿದಾಡುತ್ತಿದೆ. ಇದರ ಮೊದಲ ಭಾಗ ಅರ್ಧಸತ್ಯ, ಎರಡನೆಯದು ಅಪಾಯಕಾರಿ.

ಸಂಸಾರ ಒಡೆಯುವುದು ಹಲವರ ಪಾಲಿಗೆ ಕೊನೆಯ ಪೆಟ್ಟು, ನಿಜ. ಆದರೆ ಆ ಪೆಟ್ಟು ಬೀದಿಗೆ ತಳ್ಳುವುದು ಹೇಗೆ? ದಂಪತಿ ಬೇರೆಯಾದರೆ ಒಂದು ಬಾಡಿಗೆ ಇದ್ದಲ್ಲಿ ಎರಡು ಬಾಡಿಗೆ, ಎರಡು ಮುಂಗಡ. ಕರಾರುಪತ್ರ ಒಬ್ಬರ ಹೆಸರಲ್ಲಿದ್ದರೆ ಇನ್ನೊಬ್ಬರಿಗೆ ವಿಳಾಸದ ದಾಖಲೆಯೂ ಇಲ್ಲ. ಅದಿಲ್ಲದೆ ಕೆಲಸ, ಬ್ಯಾಂಕ್ ಖಾತೆ, ಹೊಸ ಮನೆ ಎಲ್ಲವೂ ಕಷ್ಟ. ಕೆಲವು ವಾರ ಗೆಳೆಯರ ಮನೆ, ಆಮೇಲೆ ನೆಂಟರ ಹಜಾರ, ಕಡೆಗೆ ಫುಟ್‌ಪಾತ್. ಕೈಗೆಟುಕುವ ಬಾಡಿಗೆ ಮನೆಗಳು ಸಾಕಷ್ಟಿದ್ದರೆ ಇದೇ ಜಗಳದ ನಂತರವೂ ಹೆಚ್ಚಿನವರಿಗೆ ಸೂರು ಸಿಗುತ್ತದೆ. ಎಷ್ಟೋ ಸಲ ಕ್ರಮವೇ ತಿರುಗುಮುರುಗು: ಕೆಲಸ ಹೋಗಿ, ಬಾಡಿಗೆ ಬಾಕಿ ಬೆಳೆದು, ಆ ಒತ್ತಡಕ್ಕೇ ಸಂಸಾರ ಬಿರುಕು ಬಿಡುತ್ತದೆ.

ವಾಪಸ್ ಕಳಿಸುವ ಮಾತು ಇನ್ನೂ ಆತಂಕದ್ದು. ಹೊಡೆತ, ಲೈಂಗಿಕ ದೌರ್ಜನ್ಯ ತಾಳಲಾರದೆ ಓಡಿಬಂದವರನ್ನು ಅದೇ ಬಾಗಿಲಿಗೆ ಒಪ್ಪಿಸುವುದೆಂದರೆ ಜೀವಕ್ಕೇ ಕುತ್ತು. ಮೊದಲು ಅವರೊಬ್ಬರನ್ನೇ ಕೂರಿಸಿ ಕೇಳಿ, ಮನೆಯವರೆದುರು ಬೇಡ. ವಯಸ್ಕರಾದರೆ ಅವರ ಒಪ್ಪಿಗೆಯಿಲ್ಲದೆ ಎಲ್ಲಿದ್ದಾರೆಂದು ಯಾರಿಗೂ ತಿಳಿಸಬೇಡಿ. ಮಕ್ಕಳಾದರೆ ಮಕ್ಕಳ ರಕ್ಷಣಾ ಅಧಿಕಾರಿಗಳಿಗೆ ಒಪ್ಪಿಸಿ. ಮಕ್ಕಳ ಪಾಲನಾ ಗೃಹದಿಂದ ವಯಸ್ಸು ಮೀರಿ ಹೊರಬಂದ ಅನೇಕರಿಗಂತೂ ಮರಳಲು ಮನೆಯೇ ಇರುವುದಿಲ್ಲ.

"ಕುಡಿತ ಬಿಡಲಿ, ಆಮೇಲೆ ಮನೆ" ಎಂಬ ಷರತ್ತನ್ನೂ ಕೆಲವರು ಸೇರಿಸಿದ್ದಾರೆ. ಫಿನ್ಲೆಂಡ್ 2008ರಿಂದ ಇದನ್ನು ತಲೆಕೆಳಗು ಮಾಡಿತು: ಮೊದಲು ಬಾಡಿಗೆ ಕರಾರಿನ ಕಾಯಂ ಮನೆ, ಚಿಕಿತ್ಸೆ ಜೊತೆಜೊತೆಗೆ. ಅಲ್ಲಿ ದೀರ್ಘಕಾಲದಿಂದ ಮನೆಯಿಲ್ಲದವರ ಸಂಖ್ಯೆ ಗಣನೀಯವಾಗಿ ಇಳಿಯಿತು.