ಜಾತಕ ಕೂಡಿಬರಲಿಲ್ಲ, ಮಹಾಸ್ವಾಮಿ

ನ್ಯೂಜೆರ್ಸಿಯಲ್ಲಿರುವ ನನ್ನ ಷಡ್ಡಕರಿಗೆ ಅಮೆರಿಕದ ಪೌರತ್ವ ಸಿಕ್ಕ ಮೇಲೆ ಮೊದಲ ಬಾರಿ ಜ್ಯೂರಿ ಸೇವೆಗೆ, ಅಂದರೆ ಮೊಕದ್ದಮೆ ಕೇಳಿ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ತಂಡದಲ್ಲಿ ಕೂರಲು, ಕರೆ ಬಂದಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಿದರು. ನ್ಯಾಯಾಧೀಶರು ಕೇಳಿದ್ದಕ್ಕೆಲ್ಲ ವಿನಯದಿಂದ ಉತ್ತರಿಸಿದ ಮೇಲೆ ವಕೀಲರೊಬ್ಬರು ಎದ್ದು, ಧನ್ಯವಾದ ಹೇಳಿ, ಇವರು ಬೇಡ ಎಂದರಂತೆ. ಕಾರಣ ಹೇಳಲಿಲ್ಲ. ಉಪ್ಪಿಟ್ಟು ಕೇಸರಿಬಾತು ತಿಂದು ಹೋದ ಗಂಡಿನ ಕಡೆಯವರಿಂದ ತಿಂಗಳಾದರೂ ಸುದ್ದಿ ಬಾರದಿದ್ದಾಗ ಹೆಣ್ಣಿನ ತಂದೆಗೆ ಆಗುವ ಸಂಕಟವೇ ಫೋನಿನಲ್ಲಿ ಅವರ ದನಿಯಲ್ಲಿತ್ತು.

ಹೀಗೆ ಕಾರಣ ಕೊಡದೆ ತಳ್ಳಿಹಾಕುವುದು ಅಲ್ಲಿನ ವಕೀಲರಿಗೆ ಕಾನೂನೇ ಕೊಟ್ಟಿರುವ ಹಕ್ಕು. ಫೆಡರಲ್ (ಕೇಂದ್ರ ಸರ್ಕಾರದ) ನ್ಯಾಯಾಲಯದಲ್ಲಿ ಮರಣದಂಡನೆಯ ಪ್ರಕರಣವಾದರೆ ಎರಡೂ ಕಡೆಯವರು ತಲಾ 20 ಮಂದಿಯನ್ನು ಹೀಗೆ ಮನೆಗೆ ಕಳುಹಿಸಬಹುದು. ನಮ್ಮ ಗಂಡಿನ ಕಡೆಯವರಿಗೆ ಅಂಥ ಮಿತಿಯೂ ಇಲ್ಲವೆಂಬುದು ಬೇರೆ ಮಾತು. (ಜ್ಯೂರರುಗಳನ್ನು ಒಬ್ಬೊಬ್ಬರನ್ನಾಗಿ ತಿರಸ್ಕರಿಸುವ ಶ್ರಮವೇಕೆಂದು ನಾವು 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಯನ್ನೇ ಇಡಿಯಾಗಿ ಕೈಬಿಟ್ಟೆವು.)

1986ರಲ್ಲಿ ಅಮೆರಿಕದಲ್ಲಿ ಬ್ಯಾಟ್ಸನ್ ಎಂಬ ಪ್ರಕರಣದ ತೀರ್ಪು ಬಂತು. ಚರ್ಮದ ಬಣ್ಣ ನೋಡಿ ಯಾರನ್ನೂ ತಳ್ಳಿಹಾಕುವಂತಿಲ್ಲ, ಅನುಮಾನ ಬಂದರೆ ಸರ್ಕಾರಿ ವಕೀಲರು ಬಣ್ಣಕ್ಕೆ ಸಂಬಂಧವಿಲ್ಲದ ಕಾರಣ ಹೇಳಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟು ವಿಧಿಸಿತು. ಎಂಥ ಉದಾತ್ತ ತೀರ್ಪು! ಅಂದಿನಿಂದ ಅಲ್ಲಿನ ವಕೀಲರು ನಮ್ಮ ಹಿರಿಯರು ತಲೆಮಾರುಗಳಿಂದ ಬಲ್ಲ ವಿದ್ಯೆಯನ್ನು ಕಲಿತರು. ಹುಡುಗಿ ಕಪ್ಪು ಎಂದು ಯಾವ ಮರ್ಯಾದಸ್ಥ ಮನೆತನದವರು ಬಾಯಿಬಿಟ್ಟು ಹೇಳಿದ್ದಾರೆ? ಜಾತಕ ಕೂಡಿಬರಲಿಲ್ಲ, ಅಷ್ಟೆ.

ಜಾತಕಗಳ ಬಗೆಯಾದರೂ ಎಷ್ಟು! ಮಿಸೌರಿಯಲ್ಲಿ ಒಬ್ಬ ಕಪ್ಪು ಜ್ಯೂರರಿನ ಗುಂಗುರು ಕೂದಲು ಹೆಗಲವರೆಗೆ ಬೆಳೆದಿತ್ತು, ಮೇಲಾಗಿ ಮೀಸೆಯೂ ಹೋತದ ಗಡ್ಡವೂ ಇದ್ದವು. ಈ ಕೇಶರಾಶಿ ತನಗೆ ಸರಿಕಾಣಲಿಲ್ಲವೆಂದು ಸರ್ಕಾರಿ ವಕೀಲರು ಅವರನ್ನು ಬಿಟ್ಟರು. 1995ರಲ್ಲಿ ಈ ಗಡ್ಡ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾರಣ ಹೇಳುವ ಹಂತದಲ್ಲಿ ಅದು ನಂಬುವಂತಿರಬೇಕೆಂಬ ನಿಯಮವೇನೂ ಇಲ್ಲವೆಂದು ನ್ಯಾಯಮೂರ್ತಿಗಳು ಹೇಳಿದರು. ಮೂವತ್ತು ವರ್ಷಗಳಿಂದ ಗಡ್ಡ ಬಿಟ್ಟಿರುವ ನಾನು ಕನ್ನಡಿಯ ಮುಂದೆ ನಿಂತು ಯೋಚಿಸಿದೆ: ನನ್ನ ಗಡ್ಡದ ಮೇಲೆ ಈವರೆಗೆ ಅಪನಂಬಿಕೆ ವ್ಯಕ್ತಪಡಿಸಿದ್ದು ನನ್ನ ಅತ್ತೆಯವರು ಮಾತ್ರ, ಅವರೂ ಕಾನೂನು ಓದಿದವರಲ್ಲ.

ಜಾರ್ಜಿಯಾದ ಫಾಸ್ಟರ್ ಪ್ರಕರಣದ ಸರ್ಕಾರಿ ವಕೀಲರು ಇನ್ನೂ ಶಿಸ್ತಿನವರು. ಕಪ್ಪು ಜನರ ಹೆಸರುಗಳ ಮೇಲೆಲ್ಲ ಹಸಿರು ಬಣ್ಣ ಬಳಿದು, ಪಕ್ಕದಲ್ಲಿ ‘ಬಿ’ ಎಂದು ಬರೆದು, ಖಂಡಿತ ಬೇಡದವರ ಪಟ್ಟಿಯನ್ನೂ ಸಿದ್ಧಪಡಿಸಿಕೊಂಡಿದ್ದರು. ನ್ಯಾಯಾಲಯಕ್ಕೆ ಕೊಟ್ಟ ಕಾರಣಗಳೇ ಬೇರೆ. 34 ವರ್ಷದ ಮಹಿಳೆಯೊಬ್ಬರನ್ನು ಬಿಟ್ಟದ್ದು ಅವರ ವಯಸ್ಸು 19ರ ಆರೋಪಿಯ ವಯಸ್ಸಿಗೆ ಹತ್ತಿರವೆಂದು. ಈ ಗಣಿತ ತಪ್ಪೆಂದು ಸುಪ್ರೀಂ ಕೋರ್ಟು ಒಪ್ಪಿದ್ದು 2016ರಲ್ಲಿ. ವಿಚಾರಣೆ ನಡೆದದ್ದು 1987ರಲ್ಲಿ.

ನಗುವುದು ನನಗೆ ಇಲ್ಲಿಯವರೆಗೆ ಸಾಧ್ಯವಾಯಿತು. ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್ ವಿಷಯಕ್ಕೆ ಬಂದರೆ ಆಗುವುದಿಲ್ಲ. ಒಂದೇ ಆರೋಪಕ್ಕೆ ಆರು ಬಾರಿ ವಿಚಾರಣೆ ನಡೆಸಿದ ಸರ್ಕಾರಿ ವಕೀಲ ಡಗ್ ಇವಾನ್ಸ್, ತಳ್ಳಿಹಾಕಲು ಅವಕಾಶ ಸಿಕ್ಕ 42 ಕಪ್ಪು ಜ್ಯೂರರುಗಳಲ್ಲಿ 41 ಮಂದಿಯನ್ನು ತಳ್ಳಿಹಾಕಿದರು. ಆರನೆಯ ವಿಚಾರಣೆಯಲ್ಲಿ, ತಿರಸ್ಕೃತರಾದ ಐವರು ಕಪ್ಪು ಜನರಿಗೆ ಒಟ್ಟು 145 ಪ್ರಶ್ನೆ. ಆಯ್ಕೆಯಾದ 11 ಬಿಳಿಯರಿಗೆ, ಎಲ್ಲರಿಗೂ ಸೇರಿ, 12. ಇಷ್ಟು ಲೆಕ್ಕ ಕೂಡಿಸಲು ಎಷ್ಟು ವರ್ಷ ಬೇಕು? ಆ ಮನುಷ್ಯ ಸುಮಾರು 23 ವರ್ಷ ಸೆರೆಯಲ್ಲಿದ್ದ. ಕಾರಣ ಕೊಡದೆ ತಳ್ಳಿಹಾಕುವ ಈ ಹಕ್ಕನ್ನೇ ಕಿತ್ತುಹಾಕಿ ಎಂದು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ 1986ರ ಆ ತೀರ್ಪಿನಲ್ಲಿಯೇ ಬರೆದಿದ್ದರು. ಇಂಗ್ಲೆಂಡು 1988ರಲ್ಲಿ ಕಿತ್ತುಹಾಕಿತು, ಅರಿಜೋನಾ ರಾಜ್ಯ 2022ರಲ್ಲಿ. ಅಮೆರಿಕದ ಉಳಿದ ಕಡೆ ಜಾತಕ ನೋಡುವುದು ನಡೆದೇ ಇದೆ.

ಫ್ಲವರ್ಸ್‌ಗೆ ವಿಧಿಸಿದ್ದ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2019ರ ಜೂನ್‌ನಲ್ಲಿ ರದ್ದುಪಡಿಸಿತು. ಅದೇ ನವೆಂಬರಿನಲ್ಲಿ ಇವಾನ್ಸ್ ಅವರ ಹುದ್ದೆಗೆ ಚುನಾವಣೆ ನಡೆಯಿತು. ಅವರನ್ನು ತಳ್ಳಿಹಾಕುವ ಅವಕಾಶ ಮತದಾರರಿಗೆ ಇರಲಿಲ್ಲ. ಎದುರಾಳಿಯಾಗಿ ಯಾರೂ ನಿಂತಿರಲಿಲ್ಲ.